ಇಲಿ ಕಡಿದ ವೈರು, ಟೈಲರಮ್ಮನ ಕೈ

ನಮ್ಮ ಬೀದಿಯಲ್ಲಿ ಆಕೆಯನ್ನು ಎಲ್ಲರೂ ಟೈಲರಮ್ಮ ಅಂತಲೇ ಕರೆಯುತ್ತಾರೆ. ಹೊಲಿಗೆ ಬಿಟ್ಟು ಎಷ್ಟೋ ಕಾಲವಾಯಿತು. ಈಗ ಆಕೆ ಮಾಡುವುದು ಕಾರುಗಳ ವೈರಿಂಗ್ ಕೆಲಸ, ಅದರಲ್ಲೂ ಇಲಿ ಕಡಿದು ಹಾಳು ಮಾಡಿದ ವೈರಿಂಗ್. ಆದರೂ ಒಮ್ಮೆ ಅಂಟಿದ ಹೆಸರು ಬಿಡಲಿಲ್ಲ. ಹೊಸಬರು ಯಾರಾದರೂ ನನ್ನ ಅಂಗಡಿಗೆ ಬಂದು, ಇಲ್ಲಿ ಕಾರಿನ ಎಲೆಕ್ಟ್ರಿಷಿಯನ್ ಯಾರಿದ್ದಾರೆ ಎಂದು ಕೇಳಿದರೆ, ಎದುರಿಗೆ ಟೈಲರಮ್ಮ ಇದ್ದಾಳೆ ನೋಡಿ ಅನ್ನುತ್ತೇನೆ. ಅವರು ನನ್ನನ್ನು ಒಂದು ಥರಾ ನೋಡುತ್ತಾರೆ, ಇವನಿಗೆ ಕಿವಿ ಸರಿಯಾಗಿ ಕೇಳುತ್ತದೋ ಇಲ್ಲವೋ ಎನ್ನುವ ಹಾಗೆ.

ನನ್ನದು ಬಿಡಿಭಾಗಗಳ ಅಂಗಡಿ. ವೈರು, ಫ್ಯೂಸು, ಬಲ್ಬು, ಟೇಪು, ಹಾರ್ನು. ಆಕೆಯ ಶೆಡ್ಡು ನನ್ನ ಗಲ್ಲಾದ ನೇರಕ್ಕೇ ಇದೆ. ಹಾಗಾಗಿ ನಾನು ಹೇಳುವುದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು. ಕಾಣದ್ದನ್ನು ಆಕೆಯೇ ಒಂದೊಂದು ಸಲ, ಒಂದೊಂದು ತುಣುಕಾಗಿ ಹೇಳಿದ್ದಾಳೆ.

ಬೀದಿಯ ಒಂದು ಬದಿಗೆ ಗ್ಯಾರೇಜುಗಳ ಸಾಲು. ಅದರ ಬೆನ್ನಿಗೆ ಧಾನ್ಯದ ಗೋದಾಮುಗಳು. ಲಾರಿಗಳಿಂದ ಚೀಲ ಇಳಿಸುವಾಗ ಕಾಳು ಚೆಲ್ಲುತ್ತದೆ, ಹರಿದ ಚೀಲದಿಂದ ಸೋರುತ್ತದೆ, ಚರಂಡಿಯ ಅಂಚಿನಲ್ಲಿ ಗುಡ್ಡೆಯಾಗುತ್ತದೆ. ಇಲಿಗಳಿಗೆ ಇನ್ನೇನು ಬೇಕು. ಹಗಲಿನಲ್ಲೂ ನಾಚಿಕೆಯಿಲ್ಲದೆ ಗೋಡೆಯ ಬುಡದಲ್ಲಿ ಓಡಾಡುತ್ತಿದ್ದವು. ಬೀದಿಯ ಆಚೆಗೆ ಹೊಸ ಹೊಸ ಮನೆಗಳೆದ್ದು, ಆ ಮನೆಯವರ ಕಾರುಗಳೆಲ್ಲ ಗೋದಾಮಿನ ಹಿಂಗೋಡೆಗೆ ಒರಗಿ ನಿಲ್ಲತೊಡಗಿದ ಮೇಲಂತೂ ಅವಕ್ಕೆ ಊಟದ ಜೊತೆಗೆ ವಸತಿಯೂ ಸಿಕ್ಕಿತು. ಆಗಷ್ಟೇ ಬಂದು ನಿಂತ ಕಾರಿನ ಎಂಜಿನ್ನು ಬೆಚ್ಚಗಿರುತ್ತದೆ. ಚಕ್ರ ಹತ್ತಿ ಒಳಗೆ ಹೋದರೆ ಗಾಳಿಯಿಲ್ಲ, ಬೆಕ್ಕಿಲ್ಲ. ಇಲಿಯ ಹಲ್ಲು ಬೆಳೆಯುತ್ತಲೇ ಇರುತ್ತದಂತೆ, ಏನನ್ನಾದರೂ ಕಡಿದು ಸವೆಸುತ್ತಲೇ ಇರಬೇಕು. ಅಲ್ಲಿ ಬಾಯಿಗೆ ಸಿಗುವುದು ವೈರು.

ಟೈಲರಮ್ಮನ ಗಂಡನನ್ನು ನಾವೆಲ್ಲ ಮೇಸ್ತ್ರಿ ಅನ್ನುತ್ತಿದ್ದೆವು. ನನ್ನ ವಯಸ್ಸಿನವನು, ನನ್ನ ಗೆಳೆಯ. ಕಾರಿನ ಕರೆಂಟು ಕೆಲಸದಲ್ಲಿ ಎತ್ತಿದ ಕೈ. ಬಾನೆಟ್ಟಿನ ಕೆಳಗೆ ತಲೆ ಹಾಕಿ, ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ವೈರುಗಳನ್ನು ಸವರುತ್ತಾ ಹೋಗುತ್ತಿದ್ದ. ಇಲ್ಲಿದೆ ನೋಡು ಎಂದು ಎಳೆದು ತೆಗೆದರೆ, ಕಡಿದ ತುದಿ ಕೈಯಲ್ಲಿರುತ್ತಿತ್ತು. ಗಿರಾಕಿಗಳು ಇಲಿಗಳನ್ನು ಶಪಿಸಿದರೆ ಇವನು ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಗೆ, ಮೆಲ್ಲಗೆ. ನಮ್ಮ ಧಣಿಗಳು ಅವರು. ಕೇಳಿಸ್ಕೊಂಡ್ರೆ ಬೇರೆ ಬೀದಿಗೆ ಹೊರಟುಬಿಟ್ಟಾರು" ಅನ್ನುತ್ತಿದ್ದ.

ಆಕೆ ಶೆಡ್ಡಿಗೆ ಹೊಂದಿಕೊಂಡ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ, ಹರಿದ ಕೋಟಿನ ಒಳಪದರ, ಎಲ್ಲ ಹೊಲಿಯುತ್ತಿದ್ದಳು. ಮಾತು ಕಡಿಮೆ. ಮಕ್ಕಳಿರಲಿಲ್ಲ. ಒಂದು ಗೋಡೆಯ ಈಚೆ ಯಂತ್ರದ ಟಕಟಕ, ಆಚೆ ಅವನ ಸುತ್ತಿಗೆಯ ಟಣಟಣ. ಮಧ್ಯಾಹ್ನ ಎರಡೂ ಒಟ್ಟಿಗೆ ನಿಂತರೆ, ಸರಿ, ಊಟಕ್ಕೆ ಕೂತರು ಅಂತ ನಾನೂ ಬುತ್ತಿ ಬಿಚ್ಚುತ್ತಿದ್ದೆ.

ಮೇಸ್ತ್ರಿಯ ಕೈ ಮೊದಲಿನಂತಿಲ್ಲ ಎಂದು ಯಾವಾಗ ಅನ್ನಿಸಿತೋ ಸರಿಯಾಗಿ ಹೇಳಲಾರೆ. ಫ್ಯೂಸು ಕೊಂಡು ಹೋದವನು ಮತ್ತೆ ಬಂದು ಅದೇ ಫ್ಯೂಸು ಕೇಳುತ್ತಿದ್ದ. ಬಿದ್ದು ಎಲ್ಲೋ ಉರುಳಿತು ಅನ್ನುತ್ತಿದ್ದ. ಟೀ ಲೋಟ ಹಿಡಿಯುವಾಗ ಎಡಗೈಯನ್ನು ಬಲಗೈಯ ಕೆಳಗೆ ಆಸರೆ ಕೊಡುತ್ತಿದ್ದ. ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದ. ನಾನು ಒಮ್ಮೆ, "ಏನಯ್ಯಾ, ದೊಡ್ಡ ಸಾಹೇಬರ ಥರ ಜೇಬಿಂದ ಕೈನೇ ತೆಗಿಯಲ್ವಲ್ಲ" ಅಂದೆ. ನಕ್ಕ, ಆದರೆ ತಿರುಗಿ ಏನೂ ಹೇಳಲಿಲ್ಲ. ಮಾತಿಗೆ ಮಾತು ಕೊಡದೆ ಬಿಡುವವನೇ ಅಲ್ಲ ಅವನು. ನನಗೆ ಒಂಥರಾ ಆಯಿತು.

ಆ ಕಾಲದಲ್ಲೇ ಸಿಸ್ಟರ್ ಅವರ ಕಾರು ಬಂತು. ಸಿಸ್ಟರ್ ಅಂದರೆ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸು. ಬೀದಿಯ ಆಚೆಯ ಮನೆಗಳಲ್ಲೊಂದರಲ್ಲಿ ತಂದೆಯ ಜೊತೆ ಇದ್ದರು. ತಂದೆಗೆ ಲಕ್ವ ಹೊಡೆದು ಮೈಯ ಒಂದು ಭಾಗ ಸ್ವಾಧೀನದಲ್ಲಿರಲಿಲ್ಲ. ಆದರೂ ಅವರನ್ನು ದಿನವೂ ಸಂಜೆ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿಸಿ ಬರುತ್ತಿದ್ದರು. ಮುದುಕರಿಗೆ ಹೊರಗಿನ ಪ್ರಪಂಚ ಅಂದರೆ ಅದೊಂದೇ. ಆ ಕಾರಿನ ದೀಪದ ವೈರುಗಳನ್ನೂ ಡ್ಯಾಶ್‌ಬೋರ್ಡಿನ ಹಿಂದಿನ ಕಂತೆಯನ್ನೂ ಇಲಿ ಕಡಿದಿತ್ತು. ಮೇಸ್ತ್ರಿ ಎಲ್ಲವನ್ನೂ ಜೋಡಿಸಿ ಕೊಟ್ಟ. ದೀಪ ಹತ್ತಿತು, ಅವರು ತೆಗೆದುಕೊಂಡು ಹೋದರು.

ಕೆಲವು ದಿನಗಳ ಮೇಲೆ, ತಂದೆಯನ್ನು ಕರೆದುಕೊಂಡು ಹೋಗುತ್ತಿರುವಾಗಲೇ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ ಎದ್ದಿತು. ಒಳಗೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ತುಂಬಿತು. ಸಿಸ್ಟರ್ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ತಂದೆಯನ್ನು ಕಂಕುಳಿಗೆ ಕೈಹಾಕಿ ಎಳೆದರು. ಮುದುಕರು ಸ್ಥೂಲ ಶರೀರದವರು. ಕೈಜಾರಿ ರಸ್ತೆಗೆ ಬಿದ್ದರು. ಬೆಂಕಿ ಹೊತ್ತಲಿಲ್ಲ, ದಾರಿಯಲ್ಲಿ ಹೋಗುವವರು ಯಾರೋ ಬ್ಯಾಟರಿಯ ತಂತಿ ಕಿತ್ತರು. ಆದರೆ ಮುದುಕರ ಸೊಂಟದ ಮೂಳೆ ಮುರಿದಿತ್ತು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲೇ ಇಲ್ಲ.

ಕಾರನ್ನು ಎಳೆದು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ ದಿನ ನಾನೂ ಅಲ್ಲಿದ್ದೆ. ಸಿಸ್ಟರ್ ಕೂಗಾಡಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು. "ಏನಾಯ್ತು ಅಂತ ನೋಡಿ ಮೇಸ್ತ್ರಿ" ಅಂದರು, ಅಷ್ಟೇ. ಮೇಸ್ತ್ರಿ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ, ಕರಕಲಾದ ವೈರಿನ ಕಂತೆಯನ್ನು ಎಳೆದು ತೆಗೆದ. ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತದೆ, "ಮತ್ತೆ ಕಡಿದಿದೆ ಸಿಸ್ಟರ್. ಇಲಿ" ಅಂದ.

ಸಿಸ್ಟರ್ ಉಸಿರು ಬಿಟ್ಟರು. "ಇಲಿಗೆ ಏನು ಅನ್ನೋಕಾಗುತ್ತೆ" ಎಂದು ಹೇಳಿ, ತಂದೆಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಹೊರಟುಹೋದರು. ಅವರು ಅಷ್ಟು ಸುಲಭವಾಗಿ ನಂಬಿದ್ದೇ ಒಂದು ಭಾರವಾಗಿ ಅಲ್ಲಿ ಉಳಿಯಿತು. ಟೈಲರಮ್ಮ ಮುಂಗೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಆ ಸುಟ್ಟ ಕಂತೆಯನ್ನು ಕೈಗೆತ್ತಿಕೊಂಡಳು. ಉಗುರಿನಿಂದ ಕರಗಿದ ಟೇಪನ್ನು ಸ್ವಲ್ಪ ಸ್ವಲ್ಪವೇ ಬಿಡಿಸಿದಳು. ಒಳಗೆ ಎರಡು ತಾಮ್ರದ ತುದಿಗಳು ಒಂದಕ್ಕೊಂದು ಸಡಿಲವಾಗಿ ಹೊಸೆದುಕೊಂಡಿದ್ದವು. ಬೆಸುಗೆಯಿರಲಿಲ್ಲ.

ಅಂಥ ಸಡಿಲ ಗಂಟು ಕರೆಂಟು ಹರಿದಾಗ ಬಿಸಿಯಾಗುತ್ತದೆ. ನಿಧಾನವಾಗಿ ಕೆಂಡವಾಗುತ್ತದೆ. ಫ್ಯೂಸಿಗೆ ಅದು ಗೊತ್ತೂ ಆಗುವುದಿಲ್ಲ. ಮೇಸ್ತ್ರಿಗೆ ಇದು ಗೊತ್ತಿರಲಿಲ್ಲವೇ? ಬೆಸುಗೆ ಹಾಕದೆ ಯಾವ ಗಂಟನ್ನೂ ಬಿಟ್ಟವನಲ್ಲ. ಆದರೆ ಆ ಹೊತ್ತಿಗೆ ಬೆಸುಗೆಯ ಕಡ್ಡಿ ಅವನ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಆಕೆ ಅವನಿಗೆ ಊಟಕ್ಕೆ ಕೂತಾಗ ಹೇಳಿದಳಂತೆ.

"ಇಲಿ ಟೇಪ್ ಸುತ್ತೋದಿಲ್ಲ ರೀ."

ಅವನು ತಟ್ಟೆ ನೋಡುತ್ತಾ ಕೂತಿದ್ದ. "ಏನು ಹೇಳ್ಬೇಕಿತ್ತು ನಾನು? ನನ್ನ ಕೈ ನನ್ನ ಮಾತು ಕೇಳ್ತಿಲ್ಲ ಅಂತ ಬೀದಿಯೋರ ಮುಂದೆ ಹೇಳ್ಬೇಕಿತ್ತಾ?"

"ಬೀದಿಯೋರಿಗೆ ಬೇಡ. ಆ ಹುಡುಗಿಗೆ ಹೇಳಿ."

"ಹೇಳಿದ ಮೇಲೆ ಯಾರು ನನ್ನ ಹತ್ರ ಗಾಡಿ ತರ್ತಾರೆ?"

"ತರದೇ ಇರ್ಲಿ. ನಿಮ್ಮ ಕೈ ಹೀಗಿದೆ ಅಂತ ನನಗೂ ಹೇಳ್ಲಿಲ್ವಲ್ಲ ನೀವು." ಇಷ್ಟು ಹೇಳುವಾಗ ಬಂದದ್ದು ಸಿಟ್ಟೋ ದುಃಖವೋ ತನಗೇ ತಿಳಿಯಲಿಲ್ಲ ಎಂದು ಆಕೆ ಬಹಳ ವರ್ಷಗಳ ಮೇಲೆ ನನ್ನ ಹತ್ತಿರ ಹೇಳಿದಳು. "ಎದುರೆದುರೇ ಕೂತು ಉಣ್ತಿದ್ವಿ ಅಣ್ಣ. ಅವರ ಬಲಗೈಯಿಂದ ತುತ್ತು ಉದುರ್ತಿದೆ ಅಂತ ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ."

ಮರುದಿನ ಇಬ್ಬರೂ ಸಿಸ್ಟರ್ ಮನೆಗೆ ಹೋದರು. ಮೇಸ್ತ್ರಿ ಹೊಸಿಲ ಹೊರಗೇ ನಿಂತು ಹೇಳಿದ. ಇಲಿಯಲ್ಲ, ನಾನೇ. ಗಂಟು ಸರಿಯಾಗಿ ಹಾಕಲಿಲ್ಲ. ಹಾಕಲಿಕ್ಕೆ ಆಗಲಿಲ್ಲ. ನಿನ್ನೆ ಸುಳ್ಳು ಹೇಳಿದೆ.

ಸಿಸ್ಟರ್ ಬಾಗಿಲಿಗೆ ಒರಗಿ ನಿಂತರು. ಕೊನೆಗೆ, "ಅಪ್ಪ ಒಳಗಿದ್ದಾರೆ. ಅವರಿಗೆ ನೀವೇ ಹೇಳಿ" ಅಂದರು.

ಒಳಗೆ ಮುದುಕರು ಅಂಗಾತ ಮಲಗಿದ್ದರು. ಮೇಸ್ತ್ರಿ ಮತ್ತೆ ಅದನ್ನೇ ಮೊದಲಿನಿಂದ ಹೇಳಿದ. ಅವರು ಪೂರ್ತಿ ಕೇಳಿದರು. ಕೇಳಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಇವರು ಅಲ್ಲಿರುವಷ್ಟು ಹೊತ್ತೂ ಈಚೆಗೆ ತಿರುಗಲಿಲ್ಲ. ಅವರು ತೀರಿಕೊಳ್ಳುವವರೆಗೂ ಮೇಸ್ತ್ರಿಯನ್ನು ಕ್ಷಮಿಸಲಿಲ್ಲ. ಅದರ ಬಗ್ಗೆ ಮೇಸ್ತ್ರಿ ಯಾವತ್ತೂ ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಸಂಜೆ ಕಿತ್ಕೊಂಡೋನು ನಾನು, ಮುಖ ತಿರುಗಿಸದೆ ಇನ್ನೇನು ಮಾಡ್ತಾರೆ ಅನ್ನುತ್ತಿದ್ದ.

ಹೊರಗೆ ಬಂದಾಗ ಸಿಸ್ಟರ್ ಅವನ ಮುಖ ನೋಡಲಿಲ್ಲ, ಕೈ ನೋಡಿದರು. ಸುಮ್ಮನೆ ಇಳಿಬಿಟ್ಟಿದ್ದ ಬಲಗೈಯ ಹೆಬ್ಬೆರಳು ತೋರುಬೆರಳ ಮೇಲೆ ತಾನಾಗಿಯೇ ಉಜ್ಜುತ್ತಿತ್ತು, ಏನನ್ನೋ ಉಂಡೆ ಕಟ್ಟುವ ಹಾಗೆ.

"ಇದು ಎಷ್ಟು ದಿನದಿಂದ?"

"ಒಂದು ವರ್ಷದ ಮೇಲಾಯ್ತೇನೋ."

"ಸ್ವಲ್ಪ ಆ ಗೇಟಿನವರೆಗೆ ನಡೆದು ಬನ್ನಿ."

ಅವನು ನಡೆದ. ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿದ ಹಾಗಿತ್ತು. ಸಿಸ್ಟರ್ ಟೈಲರಮ್ಮನ ಕಡೆ ತಿರುಗಿ, "ಇದು ವಯಸ್ಸಿಂದ ಬಂದ ನಡುಕ ಅಲ್ಲ ಅಮ್ಮ. ನರದ ಡಾಕ್ಟರ್ ಹತ್ರ ತೋರಿಸ್ಬೇಕು. ನಾಳೆನೇ ಹೋಗಿ, ಯಾರನ್ನ ನೋಡ್ಬೇಕು ಅಂತ ನಾನು ಹೇಳ್ತೀನಿ" ಅಂದರು. ಅವರ ಧ್ವನಿಯಲ್ಲಿ ಮೃದುತ್ವವಿರಲಿಲ್ಲ, ಆದರೆ ಹೇಳಬೇಕಾದ್ದನ್ನು ಬಿಡದೆ ಹೇಳಿದರು. ಇವರು ಗೇಟು ದಾಟುವಾಗ ಹಿಂದಿನಿಂದ ಕೇಳಿದರು, "ಕಾರನ್ನ ಇನ್ನು ಯಾರು ಸರಿ ಮಾಡ್ತಾರೆ?"

ಮೇಸ್ತ್ರಿ ಬಾಯಿ ತೆರೆಯುವ ಮುಂಚೆ ಟೈಲರಮ್ಮ, "ನಾನು ಮಾಡ್ತೀನಿ" ಅಂದಳು.

ಯಾಕೆ ಹಾಗಂದೆ ಎಂದು ಆಮೇಲೆ ನಾನು ಕೇಳಿದ್ದಕ್ಕೆ, "ಬಾಯಿಂದ ಬಂದ್ಬಿಡ್ತು ಅಣ್ಣ. ವಾಪಸ್ ತಗೊಳ್ಳೋಕೆ ಆಗ್ಲಿಲ್ಲ" ಅಂದಳು.

ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಮಾತ್ರೆ ಕೊಟ್ಟರು. ವಾಸಿಯಾಗುವುದಿಲ್ಲ, ನಿಧಾನ ಮಾಡಬಹುದು ಎಂದರು. ಮಾತ್ರೆ ನುಂಗಿದ ಮೇಲೆ ಒಂದಷ್ಟು ಹೊತ್ತು ಕೈ ಹದಕ್ಕೆ ಬರುತ್ತಿತ್ತು, ಆಮೇಲೆ ಮತ್ತೆ ಅದೇ. ಬೆಸುಗೆಯ ಕಡ್ಡಿ ಹಿಡಿಯುವ ಆಸೆಯನ್ನು ಅವನು ಬಿಟ್ಟುಬಿಟ್ಟ. ಸಿಸ್ಟರ್ ಅವರ ಕಾರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ. ಆಕೆ ಒಳಗೆ ಬಗ್ಗಿದಳು.

ಮೊದಮೊದಲು ನೋಡಲು ಕಷ್ಟವಾಗುತ್ತಿತ್ತು. ಇವನು ಕೆಲಸವನ್ನು ಪದಗಳಲ್ಲಿ ಹೇಳಿ ಅಭ್ಯಾಸವಿಲ್ಲದವನು, ಬೆರಳಿಗೆ ಗೊತ್ತಿದ್ದದ್ದನ್ನು ಬಾಯಿಗೆ ತರಲು ಒದ್ದಾಡುತ್ತಿದ್ದ. ಆಕೆ ಹೊಲಿಗೆಯ ಮಾತಿನಲ್ಲಿ ಕೇಳುತ್ತಿದ್ದಳು.

"ಈ ಎಳೆ ಎಲ್ಲಿಂದ ಬಂದಿದೆ? ಒಳಪದರದ್ದಾ, ಮೇಲಿಂದಾ?"

"ಎಳೆ ಅಲ್ಲ ಕಣೇ ಅದು, ವೈರು."

"ನನಗೆ ಎಳೆನೇ. ಎಲ್ಲಿಂದ ಬಂದಿದೆ ಹೇಳ್ರಿ."

ಆದರೆ ಕೈ ಮಾತ್ರ ಆಕೆಗೆ ಕೈಕೊಡಲಿಲ್ಲ. ಗುಂಡಿಯ ಕಾಜಾ ಹೊಲಿದ ಬೆರಳುಗಳು. ಸುಟ್ಟ ಭಾಗ ಕತ್ತರಿಸಿ, ತಾಮ್ರದ ಎಳೆಗಳನ್ನು ಬಿಡಿಸಿ, ಒಂದಕ್ಕೊಂದು ಹೆಣೆದು, ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿ ಬಿಸಿ ಮಾಡಿ ಮುಚ್ಚಿದಾಗ, ಮೇಸ್ತ್ರಿ ಎಡಗೈಯಿಂದ ಆ ಜೋಡಣೆಯನ್ನು ಹಿಡಿದು ಜೋರಾಗಿ ಎಳೆದ. ಬಿಡಲಿಲ್ಲ. ಇನ್ನೊಮ್ಮೆ ಎಳೆದ. ತಲೆಯಾಡಿಸಿದ. ಒಂದೊಂದು ಗಂಟನ್ನೂ ಹೀಗೆ ಎಳೆದು ನೋಡಿಯೇ ಕಾರನ್ನು ಬಿಟ್ಟರು. ಆಮೇಲೆ ಆ ಶೆಡ್ಡಿನಲ್ಲಿ ಅದೇ ಪದ್ಧತಿಯಾಯಿತು.

ಹೊಲಿಗೆ ಯಂತ್ರದ ಮೇಲೆ ಬಟ್ಟೆ ಬಿತ್ತು. ಗಿರಾಕಿಗಳು ಒಂದಷ್ಟು ಕಾಲ ಕಡಿಮೆಯಾದರು. ಮೇಸ್ತ್ರಿ ಯಾರು ಬಂದರೂ ತನ್ನ ಕಥೆಯನ್ನು ಮೊದಲೇ ಹೇಳಿಬಿಡುತ್ತಿದ್ದ, ಕೆಲಸ ಮಾಡೋದು ಇವಳು, ಕೂತು ಹೇಳೋದು ನಾನು, ಒಪ್ಪಿಗೆ ಇದ್ರೆ ಬಿಟ್ಟು ಹೋಗಿ ಅಂತ. ಕೆಲವರು ಹೋದರು, ಕೆಲವರು ಉಳಿದರು.

ಆಕೆಗೆ ಇಲಿ ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಒಂದು ಸಲ ಬಹಳ ದಿನ ನಿಂತಿದ್ದ ಕಾರಿನ ಬಾನೆಟ್ಟು ತೆಗೆದಾಗ ಬ್ಯಾಟರಿಯ ಪಕ್ಕದಲ್ಲಿ ಗೂಡಿತ್ತು. ಸೀಟಿನ ಸ್ಪಂಜು, ಕಾಗದದ ಚೂರು, ಹತ್ತಿ, ಎಲ್ಲ ಸೇರಿಸಿ ಮೆತ್ತಗೆ ಮಾಡಿದ ಗೂಡು. ಒಳಗೆ ಇನ್ನೂ ಕಣ್ಣು ಬಿಡದ ಕೆಂಪು ಮರಿಗಳು. ಆಕೆ ಹಿಂದೆ ಸರಿದು ಗೋಡೆಗೆ ಒರಗಿದಳು. ನಾನೇ ಹೋಗಿ ಅದನ್ನು ಮೊರದಲ್ಲಿ ತೆಗೆದೆ. "ಏನ್ ಮಾಡ್ತೀರ ಅಣ್ಣ ಅದನ್ನ?" ಎಂದು ಕೇಳಿದಳು. ನಾನು ಮೊರ ಎತ್ತಿಕೊಂಡು ಗೋದಾಮಿನ ಹಿಂದಕ್ಕೆ ನಡೆದೆ. ಆಕೆ ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಗಾಡಿಯ ಯಜಮಾನ ಬಂದಾಗ, ಆಕೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನೋಡಿ ಸ್ವಾಮಿ, ಅದು ಗೂಡು ಕಟ್ಟಿದ ಮೇಲೆ ನಾವೇನು ಮಾಡಿದ್ರೂ ಪಾಪನೇ. ಕಟ್ಟದ ಹಾಗೆ ನೋಡ್ಕೊಳ್ಳಿ. ದಿನಾ ಗಾಡಿ ತೆಗೀರಿ, ಅಂಗಡಿವರೆಗಾದ್ರೂ ಹೋಗಿ ಬನ್ನಿ. ಆಗದಿದ್ರೆ ಬಾನೆಟ್ ಎತ್ತಿಡಿ, ಬೆಳಕು ಗಾಳಿ ಆಡಿದ್ರೆ ಅದು ಅಲ್ಲಿ ಮರಿ ಹಾಕಲ್ಲ. ಸೀಟಿನ ಸಂದೀಲಿ ಮಕ್ಕಳು ಬಿಸ್ಕತ್ ಚೆಲ್ಲಿರ್ತಾರೆ, ಗುಡಿಸಿ ತೆಗೀರಿ. ಆ ಗೋಡೆ ಬುಡದಲ್ಲಿ ಮಾತ್ರ ನಿಲ್ಲಿಸ್ಬೇಡಿ."

"ನುಸಿಗುಳಿಗೆ ಇಟ್ರೆ ಆಗಲ್ವಾ? ತಂಬಾಕು ಇಟ್ರೆ ಬರಲ್ಲ ಅಂತಾರೆ."

"ನಾಲ್ಕು ದಿನ ಬರಲ್ಲ. ವಾಸನೆ ಹೋಗುತ್ತೆ, ಇಲ್ಲಾ ಅದಕ್ಕೆ ಅಭ್ಯಾಸ ಆಗುತ್ತೆ. ಗುಳಿಗೆ ಗಾಳಿ ನಿಮ್ಮ ಮಕ್ಕಳ ಮೂಗಿಗೂ ಹೋಗುತ್ತೆ."

ವಿಷದ ವಿಚಾರ ಅವರಿಗೆ ಇನ್ನೊಬ್ಬ ಗಿರಾಕಿಯಿಂದ ಗೊತ್ತಾಯಿತು. ಅವನು ಎಂಜಿನ್ನಿನ ಪಕ್ಕ ವಿಷದ ತುಂಡು ಇಟ್ಟಿದ್ದ. ಇಲಿ ತಿಂದು, ಏಸಿಯ ಗಾಳಿಕೊಳವೆಯೊಳಗೆ ಹೋಗಿ ಸತ್ತಿತು. ಕೊಳೆತ ವಾಸನೆಗೆ ಕಾರಿನಲ್ಲಿ ಕೂರಲಾಗದೆ ಪೂರ್ತಿ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಅಂಗಳದಲ್ಲಿ ಸತ್ತುಬಿದ್ದ ಇನ್ನೊಂದನ್ನು ಅವರ ಮನೆಯ ನಾಯಿ ತಿಂದಿತು. ನಾಯಿ ಬದುಕಲಿಲ್ಲ. ಕಾರು ಬಿಡಲು ಬಂದವನು ಅದನ್ನು ಹೇಳುತ್ತಾ ನಮ್ಮೆದುರೇ ಅತ್ತುಬಿಟ್ಟ. ಆಮೇಲೆ ಟೈಲರಮ್ಮ, ಬೋನು ಇಡಿ, ವಿಷ ಬೇಡ ಎಂದು ಎಲ್ಲರಿಗೂ ಹೇಳತೊಡಗಿದಳು.

ಆಕೆಯದೇ ಒಂದು ಕೆಲಸವೂ ಇತ್ತು. ನನ್ನ ಅಂಗಡಿಯಿಂದ ಸಣ್ಣ ಕಣ್ಣಿನ ತಂತಿಬಲೆ ಕೊಂಡು ಹೋಗಿ, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯ ಅಳತೆಗೆ ಕತ್ತರಿಸಿ, ಅಂಚು ಮಡಿಚಿ, ತೆಳು ತಂತಿಯಿಂದ ಹೊಲಿದು ಮುಚ್ಚಳ ಮಾಡುತ್ತಿದ್ದಳು. ಕಡಿಯುವ ಜಾಗದ ವೈರುಗಳಿಗೆ ಗಟ್ಟಿ ಸುರುಳಿ ಕೊಳವೆ ತೊಡಿಸುತ್ತಿದ್ದಳು. ಮೇಸ್ತ್ರಿ ಕುರ್ಚಿಯಿಂದ, "ತೋಳು ಸ್ವಲ್ಪ ಉದ್ದ ಆಯ್ತಲ್ವಾ ಟೈಲರಮ್ಮ?" ಎಂದು ಕಿಚಾಯಿಸುತ್ತಿದ್ದ. ಬೆಳಿಗ್ಗೆ ಶೆಡ್ಡು ತೆಗೆಯುವ ಮುಂಚೆ ಗೋದಾಮಿನ ಗೋಡೆಯ ಬುಡದಲ್ಲಿ ಚೆಲ್ಲಿದ ಕಾಳನ್ನು ಗುಡಿಸಿ, ಗೋಡೆಯ ಬಿಲಗಳಿಗೆ ಗಾಜಿನ ಚೂರು ಸೇರಿಸಿದ ಸಿಮೆಂಟು ಮೆತ್ತುತ್ತಿದ್ದಳು.

ನಾನು ಒಮ್ಮೆ ತಡೆಯಲಾರದೆ ಕೇಳಿದೆ. "ಅಲ್ಲಮ್ಮ, ಇಲಿ ಬರದೇ ಹೋದ್ರೆ ನಿಮಗೂ ಕೆಲಸ ಇಲ್ಲ, ನನಗೂ ವ್ಯಾಪಾರ ಇಲ್ಲ. ನಿನ್ನ ಹೊಟ್ಟೆ ಮೇಲೆ ನೀನೇ ಕಲ್ಲು ಹಾಕ್ಕೊಳ್ತಿದ್ದೀಯಲ್ಲ."

ಆಕೆ ಪೊರಕೆ ನಿಲ್ಲಿಸಿದಳು. "ಇನ್ನೊಬ್ಬರು ಅಪ್ಪನ್ನ ಕೂರಿಸ್ಕೊಂಡು ಹೋಗ್ತಿರ್ತಾರೆ ಅಣ್ಣ" ಅಂದಳು. ಮತ್ತೆ ಗುಡಿಸತೊಡಗಿದಳು. ಗೋದಾಮಿನವರು ಮೊದಲು ನಕ್ಕರು. ದಿನಾ ಹೆಂಗಸೊಬ್ಬಳು ತಮ್ಮ ಕಸ ಗುಡಿಸುವುದು ಕಂಡು ಕಂಡು ಅವರಿಗೇ ಇರಿಸುಮುರಿಸಾಗಿರಬೇಕು, ಕಾಳು ಚೆಲ್ಲಿದ ದಿನವೇ ಬಾಚಿ ತೆಗೆಯಲು ಒಬ್ಬನನ್ನು ಇಟ್ಟರು. ಇಲಿಗಳೇನೂ ಪೂರ್ತಿ ಹೋಗಲಿಲ್ಲ. ಕಡಿಮೆಯಾದವು.

ಮೇಸ್ತ್ರಿಯ ಕಾಯಿಲೆ ಮಾತ್ರ ಕಡಿಮೆಯಾಗಲಿಲ್ಲ. ನಡಿಗೆ ಚಿಕ್ಕ ಚಿಕ್ಕ ಹೆಜ್ಜೆಯದಾಯಿತು. ಮುಖದ ಮೇಲೆ ನಗು ಮೂಡುವುದು ನಿಧಾನವಾಯಿತು. ತಮಾಷೆ ಒಳಗೆ ಇರುತ್ತಿತ್ತು, ಮುಖಕ್ಕೆ ಬರುತ್ತಿರಲಿಲ್ಲ. ಆಮೇಲೆ ಧ್ವನಿಯೂ ಸಣ್ಣಗಾಯಿತು. ಆಕೆ ಬಾನೆಟ್ಟಿನ ಕೆಳಗಿನಿಂದ ಎದ್ದೆದ್ದು ಬಂದು ಅವನ ಬಾಯಿಗೆ ಕಿವಿ ಕೊಡಬೇಕಾಗುತ್ತಿತ್ತು. ಕೆಲಸ ಕಲಿತಾಗಿದ್ದರೂ ಆಕೆ ಹೀಗೆ ಎದ್ದು ಬರುವುದನ್ನು ಬಿಡಲಿಲ್ಲ. ಎಷ್ಟೋ ಸಲ ಅವಳಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು ಎಂದು ನನಗನ್ನಿಸುತ್ತದೆ.

ಒಂದು ಮಳೆಗಾಲದಲ್ಲಿ ಒಂದು ವ್ಯಾನು ಬಂತು. ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಇಲ್ಲ. ಒಮ್ಮೆ ದೀಪ ಮಂಕಾಗುತ್ತದೆ, ಮತ್ತೆ ಸರಿಹೋಗುತ್ತದೆ. ಆಕೆ ಕಂತೆ ಕಂತೆ ಬಿಚ್ಚಿ ನೋಡಿದಳು, ಕಡಿದ ಗುರುತೇ ಸಿಗಲಿಲ್ಲ. ಆ ಸಲ ಅವಳಿಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಮುಖ ಬೆವೆತಿತ್ತು. ನಾನು ಹೊಸ ಬ್ಯಾಟರಿ ಹಾಕಿ ನೋಡೋಣ ಎಂದು ಸಲಹೆ ಕೊಟ್ಟೆ. ಕುರ್ಚಿಯಲ್ಲಿದ್ದ ಮೇಸ್ತ್ರಿ ಏನೋ ಹೇಳಲು ನೋಡುತ್ತಿದ್ದ. ತುಟಿ ಅಲುಗಿತು, ಮಾತು ಬರಲಿಲ್ಲ. ಆಕೆ ಹೋಗಿ ಅವನ ಮುಂದೆ ಮಂಡಿಯೂರಿ ಕೂತಳು. ಅವಸರ ಮಾಡಲಿಲ್ಲ. ಕೊನೆಗೆ ಒಂದೇ ಒಂದು ಪದ ಬಂತು.

"ಅರ್ತ್."

ಆಕೆ ಎದ್ದು ಹೋಗಿ ಬ್ಯಾಟರಿಯನ್ನೇ ಎತ್ತಿ ಪಕ್ಕಕ್ಕಿಟ್ಟಳು. ಅದರ ತಟ್ಟೆಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ದಪ್ಪ ಅರ್ತ್ ತಂತಿಯನ್ನು ಇಲಿ ಮುಕ್ಕಾಲು ಪಾಲು ಕಡಿದಿತ್ತು. ಎರಡು ಮೂರು ಎಳೆಗಳ ಮೇಲೆ ನಿಂತಿತ್ತು. ಗಾಡಿ ಅಲುಗಿದಾಗ ತಾಗುತ್ತಿತ್ತು, ಬಿಡುತ್ತಿತ್ತು. ಆಕೆ ಆ ತಂತಿಯನ್ನು ತಂದು ಅವನ ಕೈಯಲ್ಲಿಟ್ಟಳು. ಅವನು ಅದನ್ನು ತುಂಬ ಹೊತ್ತು ಹಿಡಿದುಕೊಂಡೇ ಇದ್ದ.

ಅದೇ ಅವರಿಬ್ಬರೂ ಸೇರಿ ಮಾಡಿದ ಕೊನೆಯ ಕೆಲಸ. ಅದಾದ ಮೇಲೆ ಅವನಿಗೆ ಶೆಡ್ಡಿಗೆ ಬರಲಾಗಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅವನನ್ನು ನೋಡಿಕೊಂಡದ್ದು ಸಿಸ್ಟರ್. ತಂದೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಯಾರೂ ಕರೆದಿರಲಿಲ್ಲ, ಅವರಾಗಿಯೇ ಬಂದರು. ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ನುಂಗಲಾಗದವನಿಗೆ ಚಮಚೆಯಲ್ಲಿ ಗಂಜಿ ಹಾಕುವುದು, ಎಲ್ಲವನ್ನೂ ಟೈಲರಮ್ಮನಿಗೆ ತೋರಿಸಿಕೊಟ್ಟರು. ಒಂದು ದಿನ ಮೇಸ್ತ್ರಿ ಅವರನ್ನು ಏನೋ ಕೇಳಿದ. ಏನೆಂದು ಟೈಲರಮ್ಮನಿಗೆ ಕೇಳಿಸಲಿಲ್ಲ. ಸಿಸ್ಟರ್, "ಅಪ್ಪ ಮರೆತಿರಲಿಲ್ಲ. ನಾನೂ ಮರೆತಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ನೀವು ಈ ಕಡೆ ತಿರುಗಿ" ಅಂದರಂತೆ.

ಅವನು ಎದೆಯಲ್ಲಿ ಕಫ ಕಟ್ಟಿ, ಜ್ವರ ಬಂದು, ಒಂದು ಬೆಳಗಿನ ಹೊತ್ತು ಹೋದ. ನಾನು ಅಂಗಡಿಯ ಬಾಗಿಲು ಹಾಕಿದೆ. ಗೋದಾಮಿನವರೂ ಬಂದಿದ್ದರು.

ಶೆಡ್ಡು ಬಹಳ ದಿನ ಮುಚ್ಚಿತ್ತು. ಆಕೆ ಮತ್ತೆ ಹೊಲಿಗೆಗೆ ಕೂರುತ್ತಾಳೆ ಎಂದು ನಾವೆಲ್ಲ ಅಂದುಕೊಂಡೆವು. ಯಂತ್ರದ ಮೇಲಿನ ಬಟ್ಟೆ ತೆಗೆದು ಎಣ್ಣೆಯನ್ನೂ ಹಾಕಿದಳು. ಆದರೆ ಎಣ್ಣೆ ಹಾಕಿ ಎದ್ದವಳು ಮತ್ತೆ ಅದರ ಮುಂದೆ ಕೂರಲಿಲ್ಲ. ಮನೆಯಲ್ಲಿ ಒಬ್ಬಳೇ ಏನು ಮಾಡುತ್ತಿದ್ದಳೋ ತಿಳಿಯದು. ಬೆಳಿಗ್ಗೆ ಮಾತ್ರ ಪೊರಕೆ ಹಿಡಿದು ಹೊರಗೆ ಬರುತ್ತಿದ್ದಳು, ಗುಡಿಸಿ ಒಳಗೆ ಹೋಗುತ್ತಿದ್ದಳು. ನಾನು ಮಾತಾಡಿಸಿದರೆ ಹೂಂ, ಉಹೂಂ, ಅಷ್ಟೇ.

ಒಂದು ದಿನ ಬಾಡಿಗೆ ಕಾರು ಓಡಿಸುವವನೊಬ್ಬ ಗಾಡಿಯನ್ನು ತಳ್ಳಿಸಿಕೊಂಡು ಬಂದು ಮುಚ್ಚಿದ ಶೆಡ್ಡಿನ ಮುಂದೆ ನಿಲ್ಲಿಸಿದ. ಹೆಂಡತಿಗೆ ದಿನ ತುಂಬಿದೆ, ಯಾವ ಹೊತ್ತಿಗೆ ಬೇಕಾದರೂ ಆಸ್ಪತ್ರೆಗೆ ಹೋಗಬೇಕು, ಬೆಳಿಗ್ಗೆ ನೋಡಿದರೆ ಗಾಡಿ ಉಸಿರೇ ಎತ್ತುತ್ತಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡ. ಬೇರೆ ಎಲೆಕ್ಟ್ರಿಷಿಯನ್ ಎಲ್ಲಿದ್ದಾನೆ ಎಂದು ನಾನು ದಾರಿ ಹೇಳುತ್ತಿದ್ದೆ. ಅಷ್ಟರಲ್ಲಿ ಮುಂಗೋಣೆಯ ಬಾಗಿಲು ತೆರೆಯಿತು. ಆಕೆ ಬಂದು, ಏನೂ ಕೇಳದೆ, ಬಾನೆಟ್ಟು ಎತ್ತಿ ಟಾರ್ಚು ಹಾಕಿದಳು. ಶೆಡ್ಡಿನ ಬಾಗಿಲು ತೆಗೆಯಲೂ ಇಲ್ಲ, ರಸ್ತೆಯಲ್ಲೇ ಕೆಲಸ ಶುರುವಾಯಿತು.

ನಡುವೆ ಒಂದು ಸಲ ತಲೆ ಎತ್ತಿ ಪಕ್ಕಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಬಗ್ಗಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗಡಿಯ ಕಡೆಗೆ ಕೂಗಿ ವೈರು ಕೇಳಿದಳು. ನಾನು ಒಂದು ಸುರುಳಿ ತೆಗೆದುಕೊಂಡು ಹೋಗಿ ಕೊಟ್ಟೆ. ಕನ್ನಡಕ ಮೇಲೆತ್ತಿ ನೋಡಿ ವಾಪಸ್ಸು ನನ್ನ ಕೈಗೇ ಇಟ್ಟಳು.

"ಇದಲ್ಲ ಅಣ್ಣ. ಬರೀ ನೀಲಿ ಬೇಡ. ನೀಲಿ ಮೇಲೆ ಬಿಳಿ ಗೆರೆ ಇರೋದು."

ಅದು ಮೇಲಿನ ಅಟ್ಟದಲ್ಲಿತ್ತು. ನಾನು ಏಣಿ ತರಲು ಹೋದೆ.